ಕೆಂಪು ಚುಕ್ಕೆ, ಹಸಿರು ಚುಕ್ಕೆ: ನಾಲ್ಕು ಜನ ಮೇಷ್ಟ್ರು, ಒಂದು ಝೊಟೆರೊ

ನಮ್ಮ ಕನ್ನಡ ಸರ್ ಇದನ್ನು ಇವತ್ತಿಗೂ 'ಜಠರ' ಅಂತಲೇ ಕರೆಯುತ್ತಾರೆ. "ಆ ಲೇಖನ ಜಠರಕ್ಕೆ ಹಾಕಿದ್ರೇನಪ್ಪಾ?" ಎಂದು ಹುಡುಗರನ್ನು ಕೇಳುತ್ತಾರೆ. ಮೊದಲು ಎಲ್ಲರೂ ನಕ್ಕರು. ಈಗ ಹುಡುಗರ ಬಾಯಲ್ಲೂ ಅದೇ. ನಿಜವಾದ ಹೆಸರು ಝೊಟೆರೊ. ಓದಿದ ಪುಸ್ತಕ, ಲೇಖನ, ಪೇಪರ್ ಸುದ್ದಿ, ಸರ್ಕಾರಿ ವರದಿ ಎಲ್ಲವನ್ನೂ ಎಲ್ಲಿಂದ ಬಂತು ಎಂಬ ವಿವರದ ಸಮೇತ ಒಂದು ಕಡೆ ಇಟ್ಟುಕೊಳ್ಳುವ ಸಾಫ್ಟ್‌ವೇರ್. ಕೊನೆಗೆ ಆಧಾರ ಗ್ರಂಥಗಳ ಪಟ್ಟಿಯನ್ನೂ ತಾನೇ ಮಾಡಿಕೊಡುತ್ತದೆ. ದುಡ್ಡು ಕೊಡಬೇಕಿಲ್ಲ.

ನಾನು ಕೋಲಾರ ಜಿಲ್ಲೆಯ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುತ್ತೇನೆ. ಯಾವ ಕಾಲೇಜು ಎಂದು ಬೇಡ, ಮುಂದೆ ಲ್ಯಾಬಿನ ಕಂಪ್ಯೂಟರ್‌ಗಳನ್ನು ಬೈಯುವುದಿದೆ. ಬಿ.ಎ. ಕೊನೆಯ ಸೆಮಿಸ್ಟರ್‌ನ ಪ್ರಾಜೆಕ್ಟಿಗಾಗಿ ಎರಡು ಬ್ಯಾಚ್ ಇದನ್ನು ಬಳಸಿದ್ದೇವೆ. 'ದ್ದೇವೆ' ಅಂದರೆ ನಾಲ್ಕು ಜನ: ನಾನು, ಕನ್ನಡ ಸರ್, ಅತಿಥಿ ಉಪನ್ಯಾಸಕಿಯಾಗಿರುವ ಕೆಮಿಸ್ಟ್ರಿ ಮೇಡಂ, ಮತ್ತು ಇನ್ನೇನು ರಿಟೈರ್ ಆಗಲಿರುವ ಲೈಬ್ರರಿ ಸರ್. ಪಿಎಚ್.ಡಿ. ಮಾಡುವವರು ಝೊಟೆರೊ ಹೊಗಳಿ ಬರೆದದ್ದು ಬೇಕಾದಷ್ಟಿದೆ. ಮೇಷ್ಟ್ರುಗಳು ಸೇರಿಕೊಂಡು ಹುಡುಗರಿಗೆ ಹುಡುಕುವುದನ್ನು ಕಲಿಸಲು ಬಳಸಿದರೆ ಹೇಗಿರುತ್ತದೆ ಎಂದು ಬರೆದವರು ನನಗೆ ಕಾಣಲಿಲ್ಲ. ಅದಕ್ಕೇ ಇದು.

ಮೊದಲು ಹೇಗಿತ್ತು ಹೇಳಿಬಿಡುತ್ತೇನೆ. ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಹೋದ ವರ್ಷದ ಪ್ರಾಜೆಕ್ಟ್‌ಗಳ ಫೈಲು ಇರುತ್ತಿತ್ತು. ಹೆಸರು, ರಿಜಿಸ್ಟರ್ ನಂಬರ್ ಬದಲಿಸಿ, ಸ್ಪೈರಲ್ ಬೈಂಡಿಂಗ್ ಮಾಡಿಸಿದರೆ ಮುಗಿಯಿತು. ಒಂದು ವರ್ಷ ಮೂರು ವರದಿಗಳಲ್ಲಿ 'ಅಂತರ್ಜಲ'ಕ್ಕೆ ಬದಲು 'ಅಂರ್ತಜಲ' ಎಂದೇ ಇತ್ತು, ಒಂದೇ ಪುಟದಲ್ಲಿ. ಆಧಾರ ಗ್ರಂಥಗಳು ಎಂಬಲ್ಲಿ ಒಬ್ಬ ಒಂದೇ ಒಂದು ಸಾಲು ಬರೆದಿದ್ದ: ಗೂಗಲ್ ಡಾಟ್ ಕಾಮ್. ನಗು ಬಂತು, ಆಮೇಲೆ ಬೇಜಾರೂ ಆಯ್ತು. ಮೂರು ವರ್ಷದಲ್ಲಿ ಅವನಿಗೆ ಬೇರೆ ಹೇಳಿಕೊಟ್ಟವರು ಯಾರು? ನಾನೂ ಹೇಳಿಕೊಟ್ಟಿರಲಿಲ್ಲ.

ವಾಟ್ಸ್ಆ್ಯಪ್ ಗ್ರೂಪ್ ಮಾಡಿ ನೋಡಿದೆ. ಗುಡ್ ಮಾರ್ನಿಂಗ್ ನಡುವೆ ಪಿಡಿಎಫ್‌ಗಳು ಮುಳುಗಿಹೋದವು. ಎಕ್ಸೆಲ್ ಶೀಟ್ ಮಾಡಿದೆ. ಅದು 'ಫೈನಲ್', 'ಫೈನಲ್ 2', 'ನಿಜವಾದ ಫೈನಲ್' ಎಂದು ಮರಿ ಹಾಕಿತು. ಆಮೇಲೆ ಝೊಟೆರೊಗೆ ಬಂದೆ. ಅಮೆರಿಕದ ವರ್ಜೀನಿಯಾದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ ಇತಿಹಾಸದವರು ಮಾಡಿದ್ದು, 2006ರಲ್ಲಿ ಹೊರಗೆ ಬಂತು. ಇತಿಹಾಸದವರು ಮಾಡಿದ್ದು ಎನ್ನುವುದು ಬಳಸುವಾಗ ಗೊತ್ತಾಗುತ್ತದೆ. ಕೋರ್ಟ್ ಕೇಸು, ನಕ್ಷೆ, ಪತ್ರ, ಹಸ್ತಪ್ರತಿ, ಸಂದರ್ಶನ ಎಲ್ಲಕ್ಕೂ ಬೇರೆ ಬೇರೆ ಖಾನೆಗಳಿವೆ. ಮೆಂಡಲಿ ಎಂಬ ಇನ್ನೊಂದು ಇದೆ, ಅದು 2013ರಿಂದ ಎಲ್ಸೆವಿಯರ್ ಎಂಬ ದೊಡ್ಡ ಪ್ರಕಾಶನ ಕಂಪನಿಯ ಕೈಯಲ್ಲಿದೆ. ಝೊಟೆರೊ ಓಪನ್ ಸೋರ್ಸ್, ಅಂದರೆ ಅದರ ಕೋಡನ್ನು ಯಾರು ಬೇಕಾದರೂ ನೋಡಬಹುದು, ಲಾಭ ಮಾಡದ ಸಂಸ್ಥೆಯದ್ದು. ಸರ್ಕಾರಿ ಕಾಲೇಜಿಗೆ ಇದೇ ಸರಿ ಅನಿಸಿತು.

ನಮಗೆ ಬೇಕಾದದ್ದು ಅದರಲ್ಲಿರುವ ಗ್ರೂಪ್ ಲೈಬ್ರರಿ. ಒಂದು ಗ್ರೂಪ್ ತೆರೆದು ಹುಡುಗರನ್ನೂ ಮೇಷ್ಟ್ರುಗಳನ್ನೂ ಸೇರಿಸಿದರೆ ಒಬ್ಬರು ಹಾಕಿದ್ದು ಎಲ್ಲರಿಗೂ ಕಾಣುತ್ತದೆ. ಒಂದೇ ಪಿಡಿಎಫ್ ಮೇಲೆ ನಾಲ್ಕು ಜನ ಬಣ್ಣ ಹಚ್ಚಬಹುದು, ಪಕ್ಕದಲ್ಲಿ ಬರೆಯಬಹುದು. ಯಾರು ಬರೆದದ್ದು ಎಂದು ಹೆಸರೂ ಕಾಣುತ್ತದೆ. ಹೊರಗಿನವರಿಗೆ ಕಾಣದ ಹಾಗೆ ಖಾಸಗಿಯಾಗಿ ಇಡಬಹುದು. ನಾವು ಹಾಗೇ ಇಟ್ಟೆವು.

ವಿಷಯ ಹುಡುಕಲು ದೂರ ಹೋಗಲಿಲ್ಲ. ನಮ್ಮ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿ ಇಲ್ಲ, ಇರುವುದು ಕೆರೆ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ನಮ್ಮ ಕೆರೆಗಳಿಗೆ ತುಂಬುವ ಕೆ.ಸಿ. ವ್ಯಾಲಿ ಯೋಜನೆ ಎಲ್ಲ ಹುಡುಗರಿಗೂ ಗೊತ್ತು. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂದಾಗ ಇವರು ಇನ್ನೂ ಸ್ಕೂಲಿನಲ್ಲಿದ್ದರು. ಅವರ ಮನೆಗಳಲ್ಲಿ ಟೊಮೆಟೊ ಬೆಳೆಯುತ್ತಾರೆ, ಹಸು ಕಟ್ಟಿದ್ದಾರೆ, ರೇಷ್ಮೆ ಸಾಕುತ್ತಾರೆ. ಈ ನೀರಿನ ಬಗ್ಗೆ ಎಲ್ಲರಿಗೂ ಒಂದು ಮಾತಿದೆ. ಆ ಮಾತಿಗೆ ಆಧಾರ ಏನು ಎಂದು ಕೇಳಿದರೆ ಮಾತ್ರ ಎಲ್ಲರೂ ಕಿಟಕಿ ಕಡೆ ನೋಡುತ್ತಾರೆ.

ಮೊದಲ ವಾರದಲ್ಲೇ ಒಬ್ಬ ಹುಡುಗ ಒಂದು ಫೋಟೊ ಹಾಕಿದ. ಕೆರೆ ತುಂಬ ಬಿಳಿ ನೊರೆ. ಕೆಳಗೆ 'ಲಕ್ಷ್ಮೀಸಾಗರ ಕೆರೆಯ ಇಂದಿನ ಸ್ಥಿತಿ'. 2018ರ ಜುಲೈನಲ್ಲಿ ಅಲ್ಲಿ ನೊರೆ ಬಂದದ್ದು ನಿಜ, ಹೈಕೋರ್ಟು ನೀರು ಬಿಡುವುದನ್ನು ತಡೆದದ್ದೂ ನಿಜ. ನಾನು ನೋಡಿ 'ಒಳ್ಳೆಯ ಸಾಕ್ಷಿ' ಎಂದು ಪಕ್ಕದಲ್ಲಿ ಬರೆದೂಬಿಟ್ಟೆ. ಸಂಜೆ ಹೊತ್ತಿಗೆ ಕೆಮಿಸ್ಟ್ರಿ ಮೇಡಂ ನನ್ನ ಟಿಪ್ಪಣಿಯ ಕೆಳಗೇ ಇನ್ನೊಂದು ಹಾಕಿದ್ದರು: "ಮೇಡಂ, ಹಿಂದೆ ಹನ್ನೆರಡು ಮಹಡಿ ಅಪಾರ್ಟ್‌ಮೆಂಟ್ ಕಾಣ್ತಿದೆ. ಲಕ್ಷ್ಮೀಸಾಗರದಲ್ಲಿ ಯಾವಾಗ ಕಟ್ಟಿದ್ರು?"

ಅದು ಬೆಳ್ಳಂದೂರು ಕೆರೆಯ ಹಳೇ ಫೋಟೊ. ಇಪ್ಪತ್ತನಾಲ್ಕು ಮಕ್ಕಳೂ ಅದನ್ನು ಓದಿದರು. ಮೇಷ್ಟ್ರಮ್ಮ ಬೇಸ್ತು ಬಿದ್ದದ್ದನ್ನು ನೋಡಿದರು. ನನಗೆ ಅವತ್ತು ಸ್ವಲ್ಪ ಕಸಿವಿಸಿ ಆಯ್ತು, ಸುಳ್ಳು ಯಾಕೆ ಹೇಳಲಿ. ಆದರೆ ಮರುದಿನ ಕ್ಲಾಸಿನಲ್ಲಿ ಹುಡುಗರು ಒಬ್ಬರ ಫೋಟೊವನ್ನು ಇನ್ನೊಬ್ಬರು ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದರು. 'ಮೂಲವನ್ನು ಪರಿಶೀಲಿಸಿ' ಎಂದು ನಾನು ಎರಡು ಸೆಮಿಸ್ಟರ್ ಬೋರ್ಡಿನ ಮೇಲೆ ಬರೆದಿದ್ದೆ. ಆಗ ಯಾರೂ ಹಿಗ್ಗಿಸಿ ನೋಡಿರಲಿಲ್ಲ.

ನನ್ನ ಮಟ್ಟಿಗೆ ಈ ಸಾಫ್ಟ್‌ವೇರಿನ ದೊಡ್ಡ ಗುಣ ಇಲ್ಲೇ ಇದೆ. ಆಧಾರ ಗ್ರಂಥಗಳ ಪಟ್ಟಿ ಮಾಡುವುದು ಎರಡನೆಯ ಮಾತು. ಮೇಷ್ಟ್ರು ಮೇಷ್ಟ್ರನ್ನು ಮಕ್ಕಳ ಎದುರು ತಿದ್ದಲು ಇದರಲ್ಲಿ ಜಾಗ ಇದೆ. ಸ್ಟಾಫ್‌ರೂಮಿನಲ್ಲಿ ನಾವು ದಿನಾ ವಾದ ಮಾಡುತ್ತೇವೆ, ಮಕ್ಕಳಿಗೆ ಮಾತ್ರ ಅದು ಕಾಣುವುದಿಲ್ಲ.

ಲೈಬ್ರರಿ ಸರ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಅವರನ್ನು ಸೇರಿಸುವಾಗ ನನಗೆ ಅನುಮಾನ ಇತ್ತು. ಫೋನಿನಲ್ಲಿ ಒಂದು ಬೆರಳಿನಿಂದ ಟೈಪ್ ಮಾಡುವವರು. ಝೊಟೆರೊ ತೆರೆದು ತೋರಿಸಿದೆ. ಎಡಗಡೆ ವಿಭಾಗ, ನಡುವೆ ಪಟ್ಟಿ, ಬಲಗಡೆ ಲೇಖಕ, ಶೀರ್ಷಿಕೆ, ವರ್ಷ, ಪ್ರಕಾಶಕ. ಒಂದು ನಿಮಿಷ ನೋಡಿದರು. "ಇದು ನಮ್ಮ ಕಾರ್ಡ್ ಕ್ಯಾಟಲಾಗ್ ಅಲ್ವೇನಮ್ಮಾ" ಎಂದರು. ಅಷ್ಟೇ. ನಾವು ಮೂರು ಜನ ಒಂದು ತಿಂಗಳಲ್ಲಿ ಕಲಿತದ್ದನ್ನು ಅವರು ಒಂದು ಮಧ್ಯಾಹ್ನದಲ್ಲಿ ಕಲಿತರು.

ಹುಡುಗರು ಟ್ಯಾಗ್, ಅಂದರೆ ವಿಷಯ ಗುರುತಿಸುವ ಪದ, ಹಾಕಲು ಶುರು ಮಾಡಿದಾಗ ಗಲಾಟೆಯಾಯಿತು. ಒಬ್ಬ 'ಕೆರೆ' ಎಂದ, ಇನ್ನೊಬ್ಬಳು 'ಕೆರೆಗಳು', ಮತ್ತೊಬ್ಬ 'ಲೇಕ್', ಇನ್ನೊಬ್ಬ 'ಚೆರುವು'. ನಮ್ಮಲ್ಲಿ ಅರ್ಧ ಜನರ ಮನೆ ಮಾತು ತೆಲುಗು, ಅದೂ ಸಹಜ. ಹುಡುಕಿದರೆ ಒಂದೂ ಪೂರ್ತಿ ಸಿಗುತ್ತಿರಲಿಲ್ಲ. ಲೈಬ್ರರಿ ಸರ್ ಬೋರ್ಡಿನ ಮೇಲೆ ಹತ್ತೊಂಬತ್ತು ಪದ ಬರೆದು, "ಇಷ್ಟರಲ್ಲೇ ಹಾಕಬೇಕು, ಇಪ್ಪತ್ತನೆಯದು ಬೇಕಾದರೆ ನನ್ನ ಹತ್ರ ಬಂದು ಕೇಳಬೇಕು" ಎಂದರು. ಗ್ರಂಥಾಲಯದವರು ಪುಸ್ತಕಕ್ಕೆ ವಿಷಯ ಯಾಕೆ ಹೀಗೆ ಗೊತ್ತು ಮಾಡುತ್ತಾರೆ ಎಂದು ಹುಡುಗರಿಗೆ ಆಗ ತಿಳಿಯಿತು. ನನಗೂ ಆಗಲೇ ತಿಳಿದದ್ದು.

ಬಣ್ಣದ ಚುಕ್ಕೆಗಳೂ ಅವರದ್ದೇ ಉಪಾಯ. ಝೊಟೆರೊದಲ್ಲಿ ಒಂಬತ್ತು ಟ್ಯಾಗ್‌ಗಳಿಗೆ ಬಣ್ಣ ಕೊಡಬಹುದು, ಕೀಬೋರ್ಡಿನ 1ರಿಂದ 9ರವರೆಗಿನ ಅಂಕಿ ಒತ್ತಿದರೆ ಹತ್ತಿಕೊಳ್ಳುತ್ತದೆ. ನಾವು ಎರಡೇ ಬಳಸಿದೆವು. ಕೆಂಪು ಅಂದರೆ 'ಯಾರೋ ಹೇಳಿದ್ದು, ಮೂಲ ನೋಡಿಲ್ಲ'. ಹಸಿರು ಅಂದರೆ 'ಮೂಲ ತೆರೆದು ಓದಿದ್ದೇನೆ, ಪುಟ ಸಂಖ್ಯೆ ಇದೆ'. ಏನೇ ಹಾಕಿದರೂ ಮೊದಲು ಕೆಂಪು. ಹಸಿರು ಮಾಡುವ ಅಧಿಕಾರ ಹಾಕಿದವನಿಗೆ ಇಲ್ಲ, ಇನ್ನೊಬ್ಬ ವಿದ್ಯಾರ್ಥಿ ಮೂಲ ನೋಡಿ ಬದಲಿಸಬೇಕು. ಇದು ಸಾಫ್ಟ್‌ವೇರ್ ತಡೆಯುವ ನಿಯಮ ಅಲ್ಲ, ನಾವು ಮಾಡಿಕೊಂಡ ಕಟ್ಟಳೆ. ಕದ್ದು ಹಸಿರು ಮಾಡಿದವರೂ ಇದ್ದರು. ಸಿಕ್ಕಿಬಿದ್ದರು, ಲೈಬ್ರರಿ ಸರ್ ಪುಟ ಸಂಖ್ಯೆ ಕೇಳುತ್ತಿದ್ದರು.

ಯೋಜನೆಯಲ್ಲಿ ಎಷ್ಟು ಕೆರೆ? ಒಂದು ಗುಂಪು 126 ಎಂದು ಬರೆಯಿತು, ಇನ್ನೊಂದು 137. ಎರಡಕ್ಕೂ ಪೇಪರ್ ಕಟಿಂಗ್ ಇದೆ. ಜಗಳವೇ ಆಯ್ತು. ನಾನು ಉತ್ತರ ಹೇಳಿ ಮುಗಿಸಬಹುದಿತ್ತು, ಆದರೆ ನನಗೂ ಗೊತ್ತಿರಲಿಲ್ಲ. ಸುದ್ದಿಗಳನ್ನು ದಿನಾಂಕದ ಪ್ರಕಾರ ಜೋಡಿಸಿ ನೋಡಿ ಎಂದೆ. ಝೊಟೆರೊದಲ್ಲಿ ದಿನಾಂಕದ ಕಾಲಂ ಮೇಲೆ ಒತ್ತಿದರೆ ಸಾಲಾಗಿ ನಿಲ್ಲುತ್ತದೆ. ಹಳೆಯ ಸುದ್ದಿಗಳಲ್ಲಿ 126, ಆಮೇಲಿನವುಗಳಲ್ಲಿ 137. ಒಬ್ಬಳು ಹುಡುಗಿ ಎದ್ದು ನಿಂತು, "ಹಂಗಾದ್ರೆ ಇಬ್ರೂ ಸರಿ, ವರ್ಷ ಬರೀದೇ ಇದ್ದದ್ದು ತಪ್ಪು" ಎಂದಳು. ಅವಳು ಇಡೀ ಸೆಮಿಸ್ಟರ್ ಬಾಯಿ ಬಿಟ್ಟಿರಲಿಲ್ಲ.

ಕೆಮಿಸ್ಟ್ರಿ ಮೇಡಂ ಜೊತೆ ನೀರಿನ ಸ್ಯಾಂಪಲ್ ತಂದದ್ದು ಬೇರೆಯೇ ಕಥೆ, ಇಲ್ಲಿ ಬೇಡ. ಒಂದು ಮಾತು ಮಾತ್ರ. 'ಶುದ್ಧೀಕರಿಸಿದ ನೀರು' ಎಂದು ಎಲ್ಲರೂ ಬರೆಯುತ್ತಿದ್ದರು. ಎಷ್ಟನೇ ಹಂತ ಎಂದು ಮೇಡಂ ಪ್ರತಿ ಸಲ ಪಕ್ಕದಲ್ಲಿ ಕೇಳುತ್ತಿದ್ದರು. ನಮಗೆ ಬರುವುದು ಎರಡು ಹಂತದ ಶುದ್ಧೀಕರಣ ಆದದ್ದು, ಜಿಲ್ಲೆಯಲ್ಲಿ ಹೋರಾಟ ಮಾಡುವವರು ಕೇಳುವುದು ಮೂರನೇ ಹಂತ. ಈ ಒಂದು ಪದ ಬಿಟ್ಟರೆ ಪರವಾದ ಲೇಖನವೂ ವಿರೋಧದ ಲೇಖನವೂ ಅರ್ಥವಾಗುವುದಿಲ್ಲ. ಅರ್ಥಶಾಸ್ತ್ರದ ನಾನು ಇದನ್ನು ಕೇಳುತ್ತಿರಲಿಲ್ಲ, ಖಂಡಿತ.

ಕನ್ನಡ ಸರ್ ಬಂದದ್ದು ಶಾಸನದ ದಾರಿಯಲ್ಲಿ. ಒಂದು ಗುಂಪು ತಮ್ಮೂರ ಕೆರೆ 'ಗಂಗರ ಕಾಲದ್ದು' ಎಂದು ಬರೆದಿತ್ತು. "ಯಾವ ಶಾಸನ?" ಎಂದರು ಸರ್. ಊರಲ್ಲಿ ಹೇಳ್ತಾರೆ ಸಾರ್. "ಊರಲ್ಲಿ ಹೇಳ್ತಾರೆ ಅಂತಲೇ ಬರಿ, ಅದೂ ಒಂದು ಆಧಾರ. ಆದರೆ ಗಂಗರು ಅಂತ ಬರೀಬೇಡ." ಆಮೇಲೆ ಹುಡುಗರನ್ನು ಕೂರಿಸಿಕೊಂಡು ಬಿ.ಎಲ್. ರೈಸ್ 1905ರಲ್ಲಿ ತಂದ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೇ ಸಂಪುಟ ತೆರೆದರು. ಆಗ ಸಿಕ್ಕಿದ್ದ ಕೋಲಾರ ಜಿಲ್ಲೆಯ ಶಾಸನಗಳು ಅದರಲ್ಲಿವೆ, ತಾಲ್ಲೂಕುವಾರು ನಂಬರ್ ಹಾಕಿ. ಅವರ ಊರಿನದು ಸಿಗಲಿಲ್ಲ. ಪಕ್ಕದ ಊರಿನದು ಸಿಕ್ಕಿತು, ಕೆರೆ ಕಟ್ಟಿಸಿದವನಿಗೆ ಗದ್ದೆ ಬಿಟ್ಟುಕೊಟ್ಟದ್ದು. ಹುಡುಗರು ಅದರ ಫೋಟೊ ತೆಗೆದು ಮನೆಯವರಿಗೆಲ್ಲ ಕಳಿಸಿದರು.

ಇಲ್ಲಿಂದ ತಕರಾರುಗಳು ಶುರು. ಶಾಸನಕ್ಕೆ ಝೊಟೆರೊದಲ್ಲಿ ಖಾನೆ ಇಲ್ಲ. ರೇಡಿಯೊ ಕಾರ್ಯಕ್ರಮಕ್ಕೆ ಇದೆ, ಪಾಡ್‌ಕಾಸ್ಟಿಗೆ ಇದೆ, ಕಲ್ಲಿನ ಮೇಲೆ ಕೆತ್ತಿದ್ದಕ್ಕೆ ಇಲ್ಲ. 'ಪುಸ್ತಕದ ಭಾಗ' ಎಂದು ಹಾಕಿ, ಶಾಸನದ ನಂಬರನ್ನು 'ಎಕ್ಸ್‌ಟ್ರಾ' ಎಂಬ ಜಾಗದಲ್ಲಿ ಬರೆದುಕೊಂಡೆವು. ಕನ್ನಡ ಸರ್ ಇನ್ನೂ ಮುನಿಸಿಕೊಂಡಿದ್ದಾರೆ.

ಕನ್ನಡದ ವಿಷಯದಲ್ಲಿ ಇದು ಇನ್ನೂ ಪಳಗಬೇಕು. ಇಂಗ್ಲಿಷ್ ಸಂಶೋಧನಾ ಲೇಖನವಾದರೆ ಬ್ರೌಸರಿನ ಒಂದು ಗುಂಡಿ ಒತ್ತಿದರೆ ಲೇಖಕ, ಪತ್ರಿಕೆ, ಸಂಪುಟ, ಪುಟ ಎಲ್ಲ ಬಂದು ಕೂರುತ್ತದೆ. ಕನ್ನಡ ಪೇಪರಿನ ಸುದ್ದಿಗೆ ತಲೆಬರಹ ಬರುತ್ತದೆ, ಎಷ್ಟೋ ಸಲ ದಿನಾಂಕವೂ ಇಲ್ಲ, ಬರೆದವರ ಹೆಸರೂ ಇಲ್ಲ, ಕೈಯಲ್ಲೇ ತುಂಬಬೇಕು. ಪುಸ್ತಕದ ಗುರುತಿನ ಸಂಖ್ಯೆ, ಅಂದರೆ ಐಎಸ್‌ಬಿಎನ್, ಹಾಕಿದರೆ ಕೆಲವು ಸಿಗುವುದೇ ಇಲ್ಲ. ಸಿಕ್ಕವು ಇಂಗ್ಲಿಷ್ ಅಕ್ಷರದಲ್ಲಿ, ಮೇಲೆ ಗೆರೆ ಕೆಳಗೆ ಚುಕ್ಕೆ ಇಟ್ಟುಕೊಂಡು ಬರುತ್ತವೆ. ಹುಡುಗರಿಗೆ ಅದನ್ನು ಓದುವುದೇ ಒಂದು ಸಂಶೋಧನೆ. ಹಳೆಯ ನುಡಿ ಫಾಂಟಿನಲ್ಲಿರುವ ಪಿಡಿಎಫ್ ಒಳಗೆ 'ಕೆರೆ' ಎಂದು ಹುಡುಕಿದರೆ ಏನೂ ಸಿಗದು. ಈಗ ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಯುನಿಕೋಡ್ ಅಕ್ಷರ ಅಲ್ಲವಲ್ಲ. ಇದು ಝೊಟೆರೊದ ತಪ್ಪಲ್ಲ, ಆದರೂ ಹೇಳಬೇಕು.

ಹೆಸರುಗಳದ್ದು ಇನ್ನೊಂದು ರಗಳೆ. ಅದಕ್ಕೆ 'ಕೊನೆಯ ಹೆಸರು, ಮೊದಲ ಹೆಸರು' ಬೇಕು. ನಮ್ಮಲ್ಲಿ ಇನಿಶಿಯಲ್ ಇರುತ್ತದೆ, ಅದರಲ್ಲಿ ಊರಿರುತ್ತದೆ, ಅಪ್ಪನಿರುತ್ತಾನೆ. ಪಟ್ಟಿಯಲ್ಲಿ ಒಬ್ಬ ಹಿರಿಯರ ಹೆಸರು ಹೋಗಿ ಬರೀ ಅವರ ಊರಿನ ಅಕ್ಷರ ಮುಂದೆ ನಿಂತಿತ್ತು. ಹೆಸರಿನ ಪಕ್ಕದ ಸಣ್ಣ ಗುಂಡಿ ಒತ್ತಿದರೆ ಎರಡು ಖಾನೆ ಒಂದಾಗುತ್ತದೆ, ಅಲ್ಲಿ ಇಡೀ ಹೆಸರು ಬರೆಯಬಹುದು. ಇದನ್ನು ಮೊದಲ ದಿನವೇ ಹುಡುಗರಿಗೆ ತೋರಿಸಿ. ನಾವು ತೋರಿಸದೆ ಎರಡು ತಿಂಗಳ ಮೇಲೆ ಎಲ್ಲವನ್ನೂ ಕೂತು ತಿದ್ದಿದೆವು. ಕನ್ನಡ ವರದಿಯ ಕೊನೆಯ ಪಟ್ಟಿಯಲ್ಲಿ ನಡುನಡುವೆ ಇಂಗ್ಲಿಷಿನಲ್ಲಿ 'ರಿಟ್ರೀವ್ಡ್' ಎಂದು ಬರುತ್ತಿತ್ತು. ಅದನ್ನೂ ಕೊನೆಗೆ ಕೈಯಲ್ಲೇ ಬದಲಿಸಿದೆವು.

ಆಮೇಲೆ ಜಾಗ. ಝೊಟೆರೊ ಪುಕ್ಕಟೆ, ಆದರೆ ಅವರ ಸರ್ವರ್‌ನಲ್ಲಿ ಪುಕ್ಕಟೆ ಸಿಗುವುದು 300 ಎಂಬಿ. ಗ್ರೂಪಿನಲ್ಲಿ ಯಾರು ಹಾಕಿದ ಫೈಲಾದರೂ ಗ್ರೂಪಿನ ಯಜಮಾನರ ಲೆಕ್ಕಕ್ಕೆ ಬೀಳುತ್ತದೆ. ಯಜಮಾನತಿ ನಾನು. ಸ್ಕ್ಯಾನ್ ಮಾಡಿದ ಶಾಸನ ಸಂಪುಟ, ಶೋಧಗಂಗಾದಿಂದ ಅಧ್ಯಾಯ ಅಧ್ಯಾಯವಾಗಿ ಇಳಿಸಿದ ಪಿಎಚ್.ಡಿ. ಪ್ರಬಂಧಗಳು, ಮೂರನೇ ವಾರಕ್ಕೆ ತುಂಬಿಹೋಯಿತು. ವರ್ಷಕ್ಕೆ 20 ಡಾಲರ್ ಕೊಟ್ಟರೆ 2 ಜಿಬಿ. ನನ್ನ ಡೆಬಿಟ್ ಕಾರ್ಡ್ ಹೊರದೇಶಕ್ಕೆ ನಡೆಯಲಿಲ್ಲ, ಬೆಂಗಳೂರಿನಲ್ಲಿರುವ ತಮ್ಮನಿಗೆ ಹೇಳಿ ಕಟ್ಟಿಸಿದೆ. ದುಡ್ಡು ಬೇಡ ಎನ್ನುವವರು ಫೈಲ್ ಹಾಕದೆ ಲಿಂಕ್ ಮಾತ್ರ ಇಡಿ. ವಿವರ, ಟಿಪ್ಪಣಿಗಳಿಗೆ ಈ ಮಿತಿ ಇಲ್ಲ.

ನಮ್ಮ ಲ್ಯಾಬಿನಲ್ಲಿ ಹನ್ನೊಂದು ಕಂಪ್ಯೂಟರ್, ಏಳು ಶುರುವಾಗುತ್ತವೆ. ಹೊಸ ಸಾಫ್ಟ್‌ವೇರ್ ಹಾಕಲು ಪಾಸ್‌ವರ್ಡ್ ಬೇಕು, ಅದು ಗೊತ್ತಿದ್ದವರು ಕೆಲಸ ಬಿಟ್ಟು ಹೋಗಿದ್ದರು. ಎರಡು ವಾರ ಅದಕ್ಕೇ ಹೋಯಿತು. ಆ್ಯಂಡ್ರಾಯ್ಡ್ ಆ್ಯಪ್ ಈಗ ಇದೆ, ಓದಲು, ಬಣ್ಣ ಹಚ್ಚಲು ಪರವಾಗಿಲ್ಲ. ವರದಿಯೊಳಗೆ ಆಧಾರ ಸೇರಿಸಲು ಕಂಪ್ಯೂಟರೇ ಬೇಕು, ವರ್ಡ್ ಅಥವಾ ಲಿಬ್ರೆಆಫೀಸ್ ಜೊತೆ ಚೆನ್ನಾಗಿ ಕೂಡಿಕೊಳ್ಳುತ್ತದೆ.

ಒಮ್ಮೆ ಎದೆ ಒಡೆದುಹೋಗಿತ್ತು. ವೈವಾಕ್ಕೆ ಎರಡು ದಿನ ಇರುವಾಗ ಒಬ್ಬ ಹುಡುಗ ತನ್ನ ಫೋಲ್ಡರ್ ಸ್ವಚ್ಛ ಮಾಡುತ್ತೇನೆಂದು ಎಲ್ಲರ ನಲವತ್ತು ಐಟಂ ಅಳಿಸಿಬಿಟ್ಟ. ಗ್ರೂಪಿನ ಟ್ರ್ಯಾಶ್‌ನಲ್ಲಿ ಎಲ್ಲ ಇದ್ದವು, ವಾಪಸ್ ತಂದೆವು. ಆ ಹುಡುಗ ಅವತ್ತು ಊಟ ಮಾಡಿರಲಿಲ್ಲ. ಕೆಮಿಸ್ಟ್ರಿ ಮೇಡಂ ತಮ್ಮ ಡಬ್ಬಿಯಿಂದ ಚಿತ್ರಾನ್ನ ಕೊಟ್ಟರು.

ಚಾಟ್‌ಜಿಪಿಟಿಯಿಂದ ತಂದ ಆಧಾರಗಳನ್ನು ಹಿಡಿಯಲೂ ಇದು ಬಂತು. ಒಂದು ಗುಂಪು ಐದು ಚಂದದ ಲೇಖನಗಳ ಪಟ್ಟಿ ಕೊಟ್ಟಿತು, ಡಿಒಐ ನಂಬರ್ (ಸಂಶೋಧನಾ ಲೇಖನಕ್ಕೆ ಕೊಡುವ ಗುರುತಿನ ಸಂಖ್ಯೆ) ಸಮೇತ. ಲೈಬ್ರರಿ ಸರ್ ಮಂತ್ರದಂಡದ ಚಿತ್ರವಿರುವ ಗುಂಡಿ ಒತ್ತಿ ಒಂದೊಂದೇ ನಂಬರ್ ಹಾಕಿದರು. ಹೆಚ್ಚಿನವು ಸಿಗಲಿಲ್ಲ. ಒಂದು ಸಿಕ್ಕಿತು, ಅದು ಮೀನಿನ ರೋಗದ ಬಗ್ಗೆ. "ಕೆರೆ ಅಂದ ಮೇಲೆ ಮೀನೂ ಇರುತ್ತೆ ಬಿಡಮ್ಮ" ಎಂದು ನಕ್ಕು, ಐದಕ್ಕೂ ಕೆಂಪು ಚುಕ್ಕೆ ಒತ್ತಿದರು.

ರೈತರನ್ನು ಮಾತಾಡಿಸಿದ್ದನ್ನು 'ಸಂದರ್ಶನ' ಎಂದು ಸೇರಿಸುವಾಗ ಎಚ್ಚರ ಬೇಕು. ಅದು ಹೆಸರು ಕೇಳುತ್ತದೆ. ಬೋರ್‌ವೆಲ್ ಬಗ್ಗೆ ಮಾತಾಡಿದ ಒಬ್ಬ ಅಜ್ಜನ ಪೂರ್ತಿ ಹೆಸರು, ಊರು ಎಲ್ಲ ಪಟ್ಟಿಗೆ ಬಂದುಬಿಟ್ಟಿತ್ತು. ತೆಗೆಸಿ, 'ರೈತ, 70 ದಾಟಿದವರು' ಎಂದು ಹಾಕಿಸಿದೆವು.

ಸಹೋದ್ಯೋಗಿಗಳು ಜೊತೆಗಿದ್ದರೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಒಬ್ಬರೇ ಮೇಷ್ಟ್ರು ಮಾಡಲು ಹೊರಟರೆ ಮೂರು. ಎಲ್ಲ ಕೆಂಪು ಚುಕ್ಕೆಗಳನ್ನು ಒಬ್ಬರೇ ನೋಡಲು ಆಗುವುದಿಲ್ಲ, ಮತ್ತು ಬೆಳ್ಳಂದೂರಿನ ಫೋಟೊ ಲಕ್ಷ್ಮೀಸಾಗರವಾಗಿಯೇ ಉಳಿಯುತ್ತದೆ. ವಾರಕ್ಕೆ ಒಂದು ಗಂಟೆ ನಾಲ್ಕೂ ಜನ ಒಟ್ಟಿಗೆ ಕೂರಲು ಟೈಮ್‌ಟೇಬಲ್‌ನಲ್ಲಿ ಜಾಗ ಮಾಡಿಸಿಕೊಳ್ಳಿ. ನಮಗೆ ಸಿಕ್ಕಿದ್ದು ಶನಿವಾರದ ಕೊನೆಯ ಪೀರಿಯಡ್, ಅದೂ ಬೇಡಿಕೊಂಡು.

ಈ ವರ್ಷದ 20 ಡಾಲರ್ ಯಾರು ಕಟ್ಟಬೇಕು ಎಂದು ಹೋದ ವಾರ ಸ್ಟಾಫ್‌ರೂಮಿನಲ್ಲಿ ಚೀಟಿ ಎತ್ತಿದೆವು. ಕನ್ನಡ ಸರ್ ಹೆಸರು ಬಂತು. ಅವರ ಕಾರ್ಡೂ ಹೊರದೇಶಕ್ಕೆ ನಡೆಯುವುದಿಲ್ಲವಂತೆ. ತಮ್ಮನಿಗೆ ಮತ್ತೆ ಫೋನ್ ಮಾಡಬೇಕು.